ಓಶುನ್ ತಾಯಿಯ ಹಬ್ಬಕ್ಕೆ ಒಶೊಗ್ಬೊಗೆ ಹೋಗಿಬಂದದ್ದು

ಬುಧವಾರ

ಲಾಗೋಸ್‌ನಿಂದ ಓಶುನ್ ಎಂಬ ನದಿ ದೇವತೆಯ ಹಬ್ಬ ನಡೆಯುವ ಒಶೊಗ್ಬೊ ಊರಿಗೆ ಸುಮಾರು 230 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ನಾಲ್ಕು ಗಂಟೆಯ ದಾರಿ. ಆದರೆ ಲಾಗೋಸ್‌ನಿಂದ ಹೊರಗೆ ಬೀಳೋದೇ ಒಂದು ದೊಡ್ಡ ಕೆಲಸ. ಭಾವ ಅಲ್ಲಿ ಔಷಧಿ ಕಂಪನಿಯೊಂದರಲ್ಲಿ ಇದ್ದಾರೆ, ದಾವಣಗೆರೆಯವರು. ಎಷ್ಟೋ ವರ್ಷದಿಂದ ನೈಜೀರಿಯಾದಲ್ಲಿದ್ದರೂ ಈ ಹಬ್ಬಕ್ಕೆ ಹೋಗಿರಲಿಲ್ಲ. "ನೀನು ಬರ್ತೀನಿ ಅಂದ್ಯಲ್ಲ, ನಾನೂ ರಜೆ ಹಾಕಿದೆ ನೋಡಪ್ಪ" ಅಂದರು.

ಟ್ರಾಫಿಕ್ ನಿಂತಲ್ಲೆಲ್ಲ ಕಾರಿನ ಸುತ್ತ ಅಂಗಡಿ ಹುಟ್ಟುತ್ತದೆ. ಬಾಳೆಕಾಯಿ ಚಿಪ್ಸ್, ಮೊಬೈಲ್ ಚಾರ್ಜರ್, ನೀರಿನ ಪೊಟ್ಟಣ, ಒಬ್ಬನ ಕೈಯಲ್ಲಿ ಗೋಡೆ ಗಡಿಯಾರ. ಇಬಾದಾನ್ ಬಂದಾಗ ಹೊತ್ತು ನೆತ್ತಿಗೇರಿತ್ತು. ಗುಡ್ಡದ ಮೇಲಿಂದ ಕೆಳಗೆ ನೋಡಿದರೆ ಕಣ್ಣು ಹೋದಷ್ಟು ದೂರ ತುಕ್ಕು ಹಿಡಿದ ತಗಡಿನ ಸೂರುಗಳು. ಅಲ್ಲಿ ಅಕರಾ ತಿಂದೆವು. ಥೇಟ್ ನಮ್ಮ ಅಲಸಂದೆ ವಡೆ. ರುಬ್ಬಿದ ಅಲಸಂದೆ, ಈರುಳ್ಳಿ, ಮೆಣಸಿನಕಾಯಿ, ಕೆಂಪಗಿನ ತಾಳೆ ಎಣ್ಣೆ. ಇದೇ ಅಕರಾ ಗುಲಾಮರ ಹಡಗುಗಳ ಜೊತೆ ಬ್ರೆಜಿಲ್‌ಗೂ ಹೋಯಿತು. ಅಲ್ಲಿ ಈಗಲೂ ನೈಜೀರಿಯಾದ ಈ ಭಾಗದ ಯೊರುಬಾ ಜನರ ದೇವರುಗಳಿಗೆ ಎಡೆ ಇಡುತ್ತಾರೆ.

ಇಬಾದಾನ್‌ನಿಂದ ಇವೊ ಊರಿನ ದಾರಿ ಹಿಡಿದು ಒಶೊಗ್ಬೊ ಸೇರಿದಾಗ ಸಂಜೆ. ಲಾಡ್ಜ್ ಮಾಲೀಕರು ವಯಸ್ಸಾದ ಹೆಂಗಸು, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದರು. ಎಲ್ಲರೂ ಅವರನ್ನು ಮಾಮಾ, ಅಂದರೆ ಅಮ್ಮ, ಅಂತಿದ್ದರು, ನಾವೂ ಹಾಗೇ ಕರೆದೆವು. ಕೀಲಿ ಕೊಡುತ್ತಾ "ಎ ಕು ಒದುನ್" ಅಂದರು. ಹಬ್ಬದ ಶುಭಾಶಯ.

ಗುರುವಾರ

ಹಬ್ಬ ಶುರುವಾಗಿ ಆಗಲೇ ಮೂರು ದಿನ ಆಗಿತ್ತು. ಸೋಮವಾರ ಇವೊಪೊಪೊ, ಅಂದರೆ ಊರನ್ನು ಶುದ್ಧ ಮಾಡುವ ಮೆರವಣಿಗೆ, ನಮಗೆ ತಪ್ಪಿತ್ತು. ಆದರೆ ಈ ರಾತ್ರಿಯ ದೀಪ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ನಮಗೆ ಊರು ತೋರಿಸಲು ಒಪ್ಪಿದವರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಮೇಷ್ಟ್ರು. ಮಾತು ಕಡಿಮೆ, ಆದರೆ ಕಥೆಗೆ ಬಂದರೆ ಬಿಡುವವರಲ್ಲ. ಮಧ್ಯಾಹ್ನ ಅರಮನೆ ಪಕ್ಕದ ಒಜಾ ಒಬಾ ಸಂತೆಯಲ್ಲಿ ಕೂತು ಊರಿನ ಹುಟ್ಟಿನ ಕಥೆ ಹೇಳಿದರು. ಲಾರೊಯೆ ಎಂಬ ಅರಸು ಮನೆತನದವನು ನೀರಿಲ್ಲದ ಊರು ಬಿಟ್ಟು ತನ್ನ ಜನರ ಜೊತೆ ಹೊರಟಿದ್ದ. ಜೊತೆಗೆ ತಿಮೆಹಿನ್ ಎಂಬ ಬೇಟೆಗಾರ. ನದಿ ಸಿಕ್ಕಿತು. ಮನೆ ಕಟ್ಟಲು ಮರ ಕಡಿದರು. ಮರ ನೀರಿಗೆ ಬಿತ್ತು. ಒಳಗಿನಿಂದ ಹೆಂಗಸಿನ ದನಿ ಬಂತು: ನನ್ನ ಬಣ್ಣದ ಗಡಿಗೆಗಳನ್ನೆಲ್ಲ ಒಡೆದು ಹಾಕಿದಿರಲ್ಲ!

ಆ ದನಿ ಓಶುನ್ ತಾಯಿಯದು. ಅವಳು ನದಿಯ ಒರಿಷಾ. ಯೊರುಬಾ ಜನ ದೇವತೆಗಳಿಗೆ ಒರಿಷಾ ಅನ್ನುತ್ತಾರೆ. ಮಕ್ಕಳನ್ನು ಕೊಡುವವಳು, ಜೇನು ಇಷ್ಟಪಡುವವಳು, ಹಿತ್ತಾಳೆಯ ಬಳೆ, ಬಾಚಣಿಗೆ, ಬೀಸಣಿಗೆಯವಳು, ಗುಡುಗಿನ ದೇವರು ಶಾಂಗೊನ ಹೆಂಡತಿಯರಲ್ಲಿ ಒಬ್ಬಳು. ಕೊನೆಗೆ ಒಪ್ಪಂದ ಆಯಿತು. ಜನ ನದಿಯಂಚಿನಿಂದ ಸ್ವಲ್ಪ ಮೇಲೆ ಹೋಗಿ ನೆಲೆಸಬೇಕು, ವರ್ಷಕ್ಕೊಮ್ಮೆ ಬಂದು ಪೂಜೆ ಕೊಡಬೇಕು. ತಾಯಿ ಊರನ್ನು ಕಾಯುತ್ತಾಳೆ. ಆ ಮಾತನ್ನು ವರ್ಷ ವರ್ಷ ಹೊಸದು ಮಾಡಿಕೊಳ್ಳುವುದೇ ಈ ಹಬ್ಬ. ಊರಿನ ರಾಜನಿಗೆ ಅತಾವೊಜ ಅನ್ನುತ್ತಾರೆ. 2010ರಲ್ಲಿ ಪಟ್ಟಕ್ಕೆ ಬಂದ ಜಿಮೊ ಒಯೆತುಂಜಿ ಈಗಿನ ಅತಾವೊಜ. ಅವರ ಬಿರುದಿನಲ್ಲಿ ಇಂದಿಗೂ ಲಾರೊಯೆಯ ಹೆಸರಿದೆ.

ರಾತ್ರಿ ಏಳರ ಹೊತ್ತಿಗೆ ಅರಮನೆಯ ಮುಂದೆ ಕಾಲಿಡಲು ಜಾಗ ಇಲ್ಲ. ದೀಪದ ಹೆಸರು ಇನಾ ಒಲೊಜುಮೆರಿಂದಿನ್‌ಲೊಗುನ್. ಭಾವ ಮೂರು ಸಲ ಪ್ರಯತ್ನಿಸಿ "16 ದೀಪ ಅಂದ್ರೆ ಸಾಕಪ್ಪ" ಅಂತ ಕೈಬಿಟ್ಟರು. 16 ಬತ್ತಿಯ ಎತ್ತರದ ದೀಪ ಅದು, 500 ವರ್ಷ ಹಳೆಯದು ಅನ್ನುತ್ತಾರೆ ಊರಿನವರು. ಕಾಡಿನ ಮದ್ದುಸೊಪ್ಪಿನ ದೇವರಾದ ಓಸಾಯಿನ್‌ನ ಬಳಿ ಇದ್ದದ್ದನ್ನು ತಿಮೆಹಿನ್ ಕಿತ್ತುಕೊಂಡು ಬಂದ ಅಂತ ಕಥೆ. 16 ಇಲ್ಲಿ ಸುಮ್ನೆ ಬಂದ ಲೆಕ್ಕ ಅಲ್ಲ. ಇಫಾ ಎಂಬ ಕಣಿ ವಿದ್ಯೆಯಲ್ಲಿ ಮೂಲ ಅಧ್ಯಾಯಗಳು 16, ಅವು ಒಂದಕ್ಕೊಂದು ಕೂಡಿ 256 ಆಗುತ್ತವೆ. ಓಶುನ್ ಹೆಸರಲ್ಲಿ ಕಣಿ ಕೇಳುವುದೂ 16 ಕವಡೆ ಎಸೆದು.

ಎಣ್ಣೆ ಸುರಿದರು, ಬತ್ತಿ ಒಂದೊಂದಾಗಿ ಹತ್ತಿಕೊಂಡವು. ತಾಳೆ ಎಣ್ಣೆಯ ಹೊಗೆ ಮೂಗಿಗೆ ಒಗರು. ರಾಜ, ಅವರ ಹಿಂದೆ ರಾಣಿಯರು, ಪೂಜಾರಿಗಳು ದೀಪದ ಸುತ್ತ ಕುಣಿಯುತ್ತಾ ಬಂದರು. ಓಡಾಟ ಅಲ್ಲ, ತೂಗಾಟ. ಒಂದು ಹೆಜ್ಜೆಗೆ ಅರ್ಧ ನಿಮಿಷ ಬೇಕು. ಡುಂಡುನ್ ಬಡಿಯುವವನು ಕಂಕುಳಲ್ಲಿ ಹಗ್ಗ ಒತ್ತಿ ಬಿಡುತ್ತಾ ಮಾತಾಡಿಸುತ್ತಿದ್ದ. ಯೊರುಬಾ ಮಾತಿನ ಏರಿಳಿತ ಹಾಗೇ ಆ ತಮಟೆಯಲ್ಲಿ ಬರುತ್ತದೆ, ಕೇಳುವವರಿಗೆ ಅರ್ಥವೂ ಆಗುತ್ತದೆ. ಒಬ್ಬ ನನ್ನ ಮುಂದೆ ಬಂದು ನಿಂತು ಬಾರಿಸತೊಡಗಿದ. "ನಿಮ್ಮ ತಂದೆಯನ್ನು ಹೊಗಳುತ್ತಿದ್ದಾನೆ" ಅಂದರು ಮೇಷ್ಟ್ರು. ನಮ್ಮ ತಂದೆ ಇವನಿಗೆ ಎಲ್ಲಿ ಗೊತ್ತು ಅನ್ನುವಷ್ಟರಲ್ಲಿ ಭಾವ ಒಂದು ನೋಟು ತೆಗೆದು ಅವನ ಹಣೆಗೆ ಅಂಟಿಸಿದರು. ಅಲ್ಲಿನ ಪದ್ಧತಿ ಅದು. ಬೆವರಿಗೆ ನೋಟು ಚೆನ್ನಾಗಿ ಅಂಟುತ್ತದೆ.

ದೀಪ ಬೆಳಗಿನವರೆಗೂ ಉರಿಯಬೇಕು. ನಾವು ಒಂದು ಗಂಟೆಗೆ ಸೋತು ಬಂದು ಮಲಗಿದೆವು.

ಶುಕ್ರವಾರ, ಶನಿವಾರ

ಶುಕ್ರವಾರ ನಿದ್ದೆ. ಮಧ್ಯಾಹ್ನ ಊರು ತುಂಬ ನಮಾಜಿನ ಕರೆ. ಒಶೊಗ್ಬೊದಲ್ಲಿ ಮುಸ್ಲಿಮರು ಬಹಳ ಜನ, ಚರ್ಚುಗಳೂ ಬೀದಿಗೊಂದು. ನಮ್ಮ ಮಾಮಾ ಕೂಡ ನಮಾಜಿಗೆ ಹೊರಟಿದ್ದರು. ಹಬ್ಬಕ್ಕೆ ಹೋಗ್ತೀರಾ ಅಂತ ಕೇಳಿದೆ. "ನಾನು ಈ ಊರಿನಲ್ಲೇ ಹುಟ್ಟಿದವಳು. ನದಿಗೆ ಹೋಗದೆ ಇರೋಕಾಗುತ್ತಾ?" ಅಂದರು. ಎಲ್ಲರೂ ಹೀಗೇ ಅನ್ನುವುದಿಲ್ಲ. ಇದೆಲ್ಲ ಬಿಟ್ಟುಬಿಡಿ ಅನ್ನುವ ಪಾದ್ರಿಗಳೂ ಮೌಲ್ವಿಗಳೂ ಇದ್ದಾರೆ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಇನ್ನೊಂದು ಕಡೆ, ಆಗಸ್ಟ್ 20ನ್ನು ಹಳೆಯ ನಂಬಿಕೆಯವರು ಇಶೆಶೆ ದಿನ ಅಂತ ಆಚರಿಸುತ್ತಾರೆ, ಅದಕ್ಕೆ ಈ ಭಾಗದ ಕೆಲವು ರಾಜ್ಯಗಳು ರಜೆಯನ್ನೂ ಕೊಟ್ಟಿವೆ.

ಶನಿವಾರ ಬಣ್ಣದ ಗಡಿಗೆ ನೋಡಲು ಹೋದೆವು. ತಾಯಿಯ ಗಡಿಗೆ ಒಡೆದ ಊರು ಇಂದಿಗೂ ನೀಲಿ ಬಣ್ಣಕ್ಕೆ ಹೆಸರುವಾಸಿ. ಇಲ್ಲಿಯ ಬಟ್ಟೆಗೆ ಅದಿರೆ ಅನ್ನುತ್ತಾರೆ. ಒಬ್ಬ ಹೆಂಗಸು ಮರಗೆಣಸಿನ ಗಂಜಿಯಲ್ಲಿ ಕೋಳಿ ಗರಿ ಅದ್ದಿ ಬಿಳಿ ಬಟ್ಟೆಯ ಮೇಲೆ ಮೀನು, ಹಕ್ಕಿ ಬರೆಯುತ್ತಿದ್ದರು. ಗಂಜಿ ಮೆತ್ತಿದ ಕಡೆ ಬಣ್ಣ ಹಿಡಿಯೋದಿಲ್ಲ. ನೀಲಿ ಸೊಪ್ಪು ಕೊಳೆಸಿ ಬೂದಿ ನೀರು ಸೇರಿಸಿದ ಗಡಿಗೆಯ ವಾಸನೆ ಹತ್ತಿರ ಹೋದವರಿಗೇ ಗೊತ್ತು. ಬಟ್ಟೆ ಮುಳುಗಿಸಿ ಎತ್ತಿದಾಗ ಅದು ನೀಲಿ ಅಲ್ಲ, ಹಸಿರು. ಹಗ್ಗಕ್ಕೆ ಹಾಕಿದ ಮೇಲೆ ಗಾಳಿ ತಾಗಿ ಅಂಚಿನಿಂದ ನೀಲಿಯಾಗುತ್ತಾ ಬಂತು. ನಾವು ನೋಡ್ತಾ ಇದ್ದ ಹಾಗೇ, ಐದು ನಿಮಿಷದೊಳಗೆ. ಅವರ ಕೈ ಮೊಣಕೈವರೆಗೂ ನೀಲಿ, ಉಗುರು ಕಪ್ಪು. ಅಕ್ಕನಿಗೆ ಅಂತ ಭಾವ ಎರಡು ತುಂಡು ತಗೊಂಡರು. ಚೌಕಾಸಿ ಮಾಡಲು ಹೋಗಿ ಸೋತರು.

ಭಾನುವಾರ

ಭಾವ ಬೆಳಿಗ್ಗೆಯೇ ಲಾಗೋಸ್‌ಗೆ ಹೊರಟರು, ಗುರುವಾರ ಮತ್ತೆ ಬರ್ತೀನಿ ಅಂತ. ನಾನು ಮೇಷ್ಟ್ರ ಜೊತೆ ದೇವರ ಕಾಡಿಗೆ ಹೋದೆ.

ಊರಿನ ಅಂಚಿನಲ್ಲೇ 75 ಹೆಕ್ಟೇರ್ ಕಾಡು, ನಡುವೆ ನದಿ. ಇಲ್ಲಿ ಮರ ಕಡಿಯುವ ಹಾಗಿಲ್ಲ, ಬೇಟೆ ಇಲ್ಲ, ಮೀನು ಹಿಡಿಯುವ ಹಾಗಿಲ್ಲ. ಹಿಂದೆ ಯೊರುಬಾ ಊರುಗಳಿಗೆಲ್ಲ ಇಂಥ ಕಾಡು ಇರುತ್ತಿತ್ತಂತೆ. ಬಹುಪಾಲು ಮಾಯವಾಗಿವೆ. ಇದು ಉಳಿದದ್ದರ ಹಿಂದೆ ಒಬ್ಬ ಆಸ್ಟ್ರಿಯಾದ ಹೆಂಗಸಿದ್ದಾರೆ. ಹೆಸರು ಸುಸಾನ್ ವೆಂಗರ್. 1915ರಲ್ಲಿ ಗ್ರಾಜ್ ನಗರದಲ್ಲಿ ಹುಟ್ಟಿದ ಕಲಾವಿದೆ. 1950ರಲ್ಲಿ ಗಂಡ ಉಲ್ಲಿ ಬೇಯರ್ ಜೊತೆ ನೈಜೀರಿಯಾಕ್ಕೆ ಬಂದರು. ಕ್ಷಯ ಬಂದು ಸಾಯುವ ಹಾಗಾಗಿ ಬದುಕಿದರು. ಪಕ್ಕದ ಎದೆ ಎಂಬ ಊರಿನಲ್ಲಿ ಒಬಾತಾಲಾ ದೇವರ ಪೂಜಾರಿಯೊಬ್ಬರ ಕೈಯಲ್ಲಿ ದೀಕ್ಷೆ ಪಡೆದರು. ಬೇಯರ್ ನೈಜೀರಿಯಾ ಬಿಟ್ಟು ಹೋದರೂ ಇವರು ಹೋಗಲಿಲ್ಲ. ಕಾಡಿನ ಗುಡಿಗಳು ಬಿದ್ದುಹೋಗುತ್ತಿದ್ದವು, ಜಾಗದ ಮೇಲೆ ಕಣ್ಣು ಹಾಕಿದವರಿದ್ದರು. ಊರಿನ ಗಾರೆ ಕೆಲಸದವರು, ಬಡಗಿಗಳನ್ನು ಕಟ್ಟಿಕೊಂಡು ಗುಡಿ ರಿಪೇರಿಗೆ ಇಳಿದರು. ರಿಪೇರಿ ಅಂತ ಶುರುವಾದದ್ದು ಬೇರೆಯೇ ಆಯಿತು.

ಏನಾಯಿತು ಅನ್ನೋದನ್ನು ನೋಡಿಯೇ ತಿಳಿಯಬೇಕು. ಮರಗಳ ನಡುವೆ ಮನೆಯಷ್ಟು ಎತ್ತರದ ಸಿಮೆಂಟಿನ ದೇವತೆಗಳು. ಕುಂಬಾರರು, ನೇಯುವವರ ತಾಯಿ ಇಯಾ ಮೊಪೊ ತೋಳುಗಳನ್ನು ಚಾಚಿ ನಿಂತಿದ್ದಾಳೆ. ಗೋಡೆಗಳು ನೆಟ್ಟಗಿಲ್ಲ, ಹಾವಿನ ಹಾಗೆ ಹೊರಳುತ್ತವೆ. ಗೇಟಿನ ಬಳಿಯ ಸಿಮೆಂಟ್ ಜಾಲರಿಗಳನ್ನು ಮಾಡಿದ್ದು ಅದೆಬಿಸಿ ಅಕಾಂಜಿ, ಮೊದಲು ಗಾರೆ ಕೆಲಸದವರೇ. ಉಬ್ಬಿದ ಕಣ್ಣಿನ ಕುಳ್ಳ ವಿಗ್ರಹಗಳು ಬುರೈಮೊ ಗ್ಬದಮೊಸಿ ಅವರವು. ಕಂಬದ ಕೆತ್ತನೆ ಕಸಾಲಿ ಅಕಾಂಗ್ಬೆ ಅವರದು. ಜನ ಸುಸಾನ್ ಒಬ್ಬರ ಹೆಸರನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಮೇಷ್ಟ್ರಿಗೂ.

ಕಾಡು 1965ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಸುಸಾನ್ 2009ರಲ್ಲಿ ತೀರಿಕೊಂಡರು, 93 ವರ್ಷ. ಊರಿನವರು ಅವರನ್ನು ಕರೆಯುತ್ತಿದ್ದದ್ದು ಅದುನ್ನಿ ಅಂತ.

ತೂಗು ಸೇತುವೆ ಮೇಲೆ ನಿಂತು ನದಿ ನೋಡಿದೆ. ಆಗಸ್ಟಿನಲ್ಲಿ ಈ ಕಡೆ ಮಳೆ ಸ್ವಲ್ಪ ಬಿಡುವು ಕೊಡುತ್ತದೆ, ನೀರು ತಿಳಿಯಾಗಿರುತ್ತೆ ಅಂದುಕೊಂಡಿದ್ದೆ. ಇಲ್ಲ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. "ಮಳೆಯಿಂದ ಅಲ್ಲ. ಮೇಲೆ ಇಜೆಶಾ ಕಡೆ ಚಿನ್ನ ಅಗೆಯುತ್ತಾರೆ" ಅಂದರು ಮೇಷ್ಟ್ರು. ಲೈಸೆನ್ಸ್ ಇದ್ದವರೂ ಇಲ್ಲದವರೂ ಹೊಳೆಯ ಮಣ್ಣು ತೊಳೆಯುತ್ತಾರೆ. ಪಾದರಸ, ಸೀಸ ನೀರಿನಲ್ಲಿ ಇದೆ ಅಂತ ಪರೀಕ್ಷೆ ಮಾಡಿದವರು ಹೇಳಿದ್ದಾರೆ. ಈ ನೀರು ಕುಡಿಯಬೇಡಿ ಅಂತ ಎಚ್ಚರಿಕೆಯೂ ಬಂದಿದೆ.

ಸೋಮವಾರ

ಇಬೊರಿಯಾದೆ. ಹಿಂದಿನ ಅತಾವೊಜರ ಕಿರೀಟಗಳನ್ನೆಲ್ಲ ಒಂದೆಡೆ ಇಟ್ಟು ಪೂಜೆ ಮಾಡುವ ದಿನ. ಕಿರೀಟ ಅಂದರೆ ಚಿನ್ನ ಅಲ್ಲ, ಮಣಿ. ಶಂಕುವಿನ ಆಕಾರ, ಮೈತುಂಬ ಸಣ್ಣ ಬಣ್ಣದ ಮಣಿ, ಮುಂದೆ ಮುಖ ಮುಚ್ಚುವ ಮಣಿಯ ಜಾಲರು. ಕಿರೀಟ ತೊಟ್ಟ ರಾಜನ ಮುಖ ಜನಕ್ಕೆ ಕಾಣಬಾರದು. ಜನ ಗದ್ದಲದಲ್ಲಿ ನನಗೆ ಕಂಡದ್ದು ಎರಡು ತಲೆಗಳ ನಡುವಿನ ಒಂದು ಸಂದಿಯಷ್ಟು. ಅದರಲ್ಲಿ ಒಂದು ನೀಲಿ ಕಿರೀಟ, ಅದರ ಮೇಲೊಂದು ಮಣಿಯ ಹಕ್ಕಿ.

ಹೊರಗೆ ಒಬ್ಬ ವಯಸ್ಸಾದ ಪೂಜಾರಿಣಿ ಚಾಪೆ ಮೇಲೆ ಕೂತು ಕವಡೆ ಹಾಕುತ್ತಿದ್ದರು. ಮೈಮೇಲೆ ಬಿಳಿ, ಕೊರಳಿಗೆ ಜೇನಿನ ಬಣ್ಣದ ಮಣಿ ಸರ, ಮುಂಗೈಗೆ ಹಿತ್ತಾಳೆ ಬಳೆಗಳು. 16 ಕವಡೆ ಬೀಳುತ್ತವೆ, ಎಷ್ಟು ಬಾಯಿ ಮೇಲಾಗಿವೆ ಅಂತ ಎಣಿಸಿ ಪದ್ಯ ಹೇಳುತ್ತಾರೆ. ಕೇಳಲು ಬಂದವಳು ಬಹಿಯಾದಿಂದ ಬಂದ ಬ್ರೆಜಿಲ್ ಹುಡುಗಿ. ಆಕೆಗೆ ಯೊರುಬಾ ಮಾತು ಬರದು, ಆದರೆ ಪದ್ಯದ ನಡುನಡುವೆ ಸರಿಯಾದ ಜಾಗದಲ್ಲಿ ಉತ್ತರದ ಸೊಲ್ಲು ಹೇಳುತ್ತಿದ್ದಳು. ಅವರ ಊರಿನ ಗುಡಿಯಲ್ಲಿ ಕಲಿತದ್ದು. ಅಲ್ಲಿ ಓಶುನ್‌ಗೆ ಒಶುಂ ಅನ್ನುತ್ತಾರೆ, ಕ್ಯೂಬಾದಲ್ಲಿ ಒಚುನ್. ಗುಲಾಮರಾಗಿ ಮಾರಿಹೋದ ಜನ ದೇವರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕಣಿ ಮುಗಿದ ಮೇಲೆ ಆ ಹುಡುಗಿ ಅಳುತ್ತಿದ್ದಳು, ಪೂಜಾರಿಣಿ ಫೋನ್ ತೆಗೆದು ಯಾರಿಗೋ ಜೋರಾಗಿ ಬೈಯುತ್ತಿದ್ದರು.

ಮಂಗಳವಾರದಿಂದ ಗುರುವಾರದವರೆಗೆ

ಮಂಗಳವಾರ ಇಲೆ ಇಫೆಗೆ ಹೋಗಿಬಂದೆ. ಲೋಕ ಹುಟ್ಟಿದ್ದೇ ಅಲ್ಲಿ ಅಂತ ಯೊರುಬಾ ನಂಬಿಕೆ. ಒರಾನ್ಮಿಯಾನ್ ಕೋಲು ಅನ್ನುವ ಎತ್ತರದ ಕಲ್ಲಿನ ಕಂಬ ನೋಡಿದೆ, ಮೈಗೆಲ್ಲ ಕಬ್ಬಿಣದ ಮೊಳೆ ಹೊಡೆದಿದ್ದಾರೆ. ಇಫೆಯ ಹಬ್ಬಗಳು ಬೇರೆ. ಜೂನ್‌ನಲ್ಲಿ ಇಫಾ ಹಬ್ಬ. ಮಳೆಗಾಲದ ಕೊನೆಗೆ ಒಲೊಜೊ. ಅಲ್ಲಿನ ರಾಜ ಊನಿ, ಆರೆ ಎಂಬ ಕಿರೀಟವನ್ನು ವರ್ಷದಲ್ಲಿ ಆ ಹಬ್ಬಕ್ಕೆ ಮಾತ್ರ ತೊಡುತ್ತಾರೆ. ಒಯೊ ಊರಿನ ಶಾಂಗೊ ಹಬ್ಬವೂ ಆಗಸ್ಟಿನಲ್ಲೇ, ಅದನ್ನು 2023ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬನೇ ಮನುಷ್ಯ ಎಲ್ಲ ಹಬ್ಬ ನೋಡಬೇಕೆಂದರೆ ಅಲ್ಲೇ ಮನೆ ಮಾಡಬೇಕು.

ಬುಧವಾರ ಹೊಟ್ಟೆ ಕೆಟ್ಟಿತು. ಗುರುವಾರ ಭಾವ ಬಂದರು, ಅವಲಕ್ಕಿ ಮತ್ತು ಚಟ್ನಿಪುಡಿ ಸಮೇತ.

ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಅರಮನೆ ರಸ್ತೆ ತುಂಬಿತ್ತು. ಕಾಯುತ್ತಿದ್ದದ್ದು ಅರುಗ್ಬಾಗೆ. ಅರಸು ಮನೆತನದ, ಮದುವೆಯಾಗದ ಹುಡುಗಿ. ಊರಿನ ಪರವಾಗಿ ಪೂಜೆ ಸಾಮಾನಿನ ಸೋರೆ ಬುರುಡೆಯನ್ನು ತಲೆ ಮೇಲೆ ಹೊತ್ತು ಅರಮನೆಯಿಂದ ಕಾಡಿನ ನದಿವರೆಗೆ ನಡೆಯಬೇಕು. ದಾರಿಯಲ್ಲಿ ಮಾತಾಡಬಾರದು. ಎಡವಲೇಬಾರದು. ಎಡವಿದರೆ ಊರಿಗೆ ಕೇಡು.

ಮೊದಲು ಬಂದದ್ದು ಹುಡುಗರ ಗುಂಪು. ಕೈಯಲ್ಲಿ ಉದ್ದನೆಯ ಬೆತ್ತ. ಒಬ್ಬರಿಗೊಬ್ಬರು ಬಾರಿಸಿಕೊಳ್ಳುತ್ತಾ, ನಗುತ್ತಾ, ಮತ್ತೆ ಬಾರಿಸುತ್ತಾ. ಒಂದು ಬೀಸು ಭಾವನ ಕಿವಿ ಪಕ್ಕ ಸುಯ್ ಅಂತ ಹೋಯಿತು. ಅವರು ಅಲ್ಲಿಂದ ಮುಂದೆ ನನ್ನ ಹಿಂದೆಯೇ ನಿಂತರು.

ಆಮೇಲೆ ಅವಳು. ಸುತ್ತ ಬಿಳಿ ಬಟ್ಟೆಯ ಪೂಜಾರಿಣಿಯರು, ಅವರ ಸುತ್ತ ಪೊಲೀಸರು. ತಲೆ ಮೇಲಿನ ಭಾರವನ್ನು ಬಣ್ಣದ ದಪ್ಪ ಬಟ್ಟೆ ಮುಚ್ಚಿತ್ತು. ಅದು ಇಳಿಬಿದ್ದು ಅವಳ ಮುಖವೂ ಅರ್ಧ ಮುಚ್ಚಿಹೋಗಿತ್ತು. ನನಗೆ ಕಂಡದ್ದು ಗದ್ದ, ಕೊರಳಿನ ಮಣಿ, ಭಾರಕ್ಕೆ ಸೆಟೆದ ಕತ್ತಿನ ನರ. ಇಷ್ಟು ಗದ್ದಲದಲ್ಲಿ ನೆಲ ನೋಡದೆ ಹೇಗೆ ಹೆಜ್ಜೆ ಇಡುತ್ತಾಳೆ? ಅಕ್ಕಪಕ್ಕದ ಇಬ್ಬರು ಅವಳ ಪಾದವನ್ನೇ ನೋಡುತ್ತಾ ನಡೆಯುತ್ತಿದ್ದರು. ಜನ ಕೈಯನ್ನು ತಲೆ ಸುತ್ತ ನಿವಾಳಿಸಿ ಅವಳ ಕಡೆ ಎಸೆಯುತ್ತಿದ್ದರು. ಕಾಯಿಲೆ, ಸಾಲ, ಕೋರ್ಟ್ ಕೇಸು, ಎಲ್ಲ ಹೋಗಲಿ ಅಂತ. "ಒರೆ ಯೆಯೆ ಓ!" ಅನ್ನುವ, ಓಶುನ್ ತಾಯಿಗೆ ಜೈಕಾರದ ಕೂಗು ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಉರುಳಿಕೊಂಡು ಹೋಗುತ್ತಿತ್ತು. ಊರಿನವರ ಬೇಡದ್ದನ್ನೆಲ್ಲ ಹೊತ್ತ ಆ ಹುಡುಗಿಗೆ ಒಂದು ಗುಟುಕು ನೀರು ಯಾರು ಕೊಡುತ್ತಾರೆ ಅನ್ನೋದೇ ನನ್ನ ತಲೆಯಲ್ಲಿ.

ಕಾಡಿನ ಒಳಗೆ ಶಾಮಿಯಾನ, ಕಂಪನಿಗಳ ಬ್ಯಾನರ್, ಮೈಕು. ಗಣ್ಯರ ಭಾಷಣ ಮುಗಿಯಲೇ ಇಲ್ಲ. ಪ್ರವಾಸೋದ್ಯಮ, ಹೂಡಿಕೆ, ಸಂಸ್ಕೃತಿ. ಪಕ್ಕದಲ್ಲೇ ಕಂದು ನದಿ ಹರಿಯುತ್ತಿತ್ತು, ನಾವು ಕೂತಿದ್ದಷ್ಟು ಹೊತ್ತು ಅದರ ಮಾತು ಮಾತ್ರ ಬರಲಿಲ್ಲ. ಈ ಕಾಡಿನೊಳಗೆ ಒಂದು ಮೀನು ಹಿಡಿದರೂ ತಪ್ಪು. ಕಾಡಿನ ಬೇಲಿ ದಾಟಿದರೆ ಇಡೀ ನದಿಯನ್ನೇ ಜರಡಿ ಹಿಡಿಯಬಹುದು. ತಾಯಿಯ ಜೊತೆ ಮಾಡಿಕೊಂಡ ಒಪ್ಪಂದ 75 ಹೆಕ್ಟೇರಿಗೆ ಮಾತ್ರವಾ? ಇದನ್ನು ಕೇಳಬೇಕಾದವರು ಮೈಕಿನ ಮುಂದೆಯೇ ಇದ್ದರು.

ಅರುಗ್ಬಾ ಎಡವದೆ ತಲುಪಿದಳು. ಗುಂಡಿನ ಸದ್ದಿನಂತೆ ಚಪ್ಪಾಳೆ ಬಿತ್ತು. ರಾಜ ಗುಡಿಯ ಒಳಗೆ ಹೋದರು. ಪೂಜೆ ನಮಗೆ ಕಾಣುವುದಿಲ್ಲ. ಎಡೆಯನ್ನು ನೀರಿಗೆ ಬಿಟ್ಟರು ಅನ್ನುವ ಸುದ್ದಿ ಬಂದ ಕೂಡಲೇ ಜನ ನದಿಗೆ ಇಳಿದರು. ಹಳದಿ ಕ್ಯಾನು, ಸೋಡಾ ಬಾಟಲಿ, ಬಕೆಟ್ಟು, ಕೈಗೆ ಸಿಕ್ಕಿದ್ದರಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಒಬ್ಬ ಹುಡುಗ ಹಲ್ಲಿನಲ್ಲಿ ಅಂಗಡಿಯ ನೀರಿನ ಪೊಟ್ಟಣ ಕಚ್ಚಿ ಹೀರುತ್ತಾ, ಎರಡೂ ಕೈಯಲ್ಲಿ ಕ್ಯಾನು ಮುಳುಗಿಸುತ್ತಿದ್ದ. ಕುಡಿಯೋಕಲ್ವಾ ಅಂತ ಸನ್ನೆ ಮಾಡಿದೆ. ತಲೆ ಅಲ್ಲಾಡಿಸಿ ಸ್ನಾನಕ್ಕೆ ಅಂತ ತೋರಿಸಿದ. ಅವನ ಪಕ್ಕದ ಅಜ್ಜಿ ಮಾತ್ರ ಬೊಗಸೆ ತುಂಬಿ ಕುಡಿದೇ ಕುಡಿದರು.

ಬೆನ್ನಿಗೊಂದು, ತೋಳಿಗೊಂದು ಕೂಸು ಇಟ್ಟುಕೊಂಡ ತಾಯಿಯೊಬ್ಬಳು ಸಿಕ್ಕಳು. ಅವಳಿ. ಯೊರುಬಾ ಜನರಲ್ಲಿ ಅವಳಿ ಮಕ್ಕಳು ಬೇರೆಲ್ಲೂ ಇಲ್ಲದಷ್ಟು ಜಾಸ್ತಿ. ಹಿಂದಿನ ಹಬ್ಬದಲ್ಲಿ ಇದೇ ದಂಡೆಯಲ್ಲಿ ಮಗು ಬೇಡಿ ಹರಕೆ ಹೊತ್ತಿದ್ದಳಂತೆ, ಮದುವೆಯಾಗಿ ಎಂಟು ವರ್ಷಕ್ಕೆ. ಮಕ್ಕಳ ಹಣೆಗೆ ನದಿ ನೀರು ಹಚ್ಚಿದಳು, ಬಾಯಿಗೆ ತಾಗದ ಹಾಗೆ ಸೆರಗಿನ ತುದಿಯಿಂದ ಒರೆಸಿದಳು. ಮೇಷ್ಟ್ರು ತಮ್ಮ ಚೀಲದಿಂದ ಸಣ್ಣ ಬಾಟಲಿ ತೆಗೆದು ತುಂಬಿಕೊಂಡರು. "ಅಮ್ಮ ಕೇಳಿದ್ದಾರೆ. ಮನೆಯಲ್ಲಿ ಇಡುತ್ತೇವೆ. ಕುಡಿಯಲು ಬಿಡೋದಿಲ್ಲ" ಅಂದರು.

ಶನಿವಾರ

ವಾಪಸ್ ದಾರಿ ಬೇರೆ. ಗ್ಬೊಂಗಾನ್ ಮೇಲೆ ಬಂದು ಇಫೆ–ಇಬಾದಾನ್ ಹೆದ್ದಾರಿ ಹಿಡಿದೆವು. ಮಾಮಾ ದಾರಿಗೆ ಅಂತ ಎಲೆಯಲ್ಲಿ ಕಟ್ಟಿದ ಮೊಯಿಮೊಯಿ, ಅಂದರೆ ಅಲಸಂದೆ ರುಬ್ಬಿ ಬೇಯಿಸಿದ ಕಡುಬು, ಕೊಟ್ಟಿದ್ದರು, ಇಬಾದಾನ್ ಬರುವ ಮೊದಲೇ ಖಾಲಿ.

ಅಸೆಜಿರೆ ಎಂಬಲ್ಲಿ ಅದೇ ಓಶುನ್ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಇಬಾದಾನ್ ನಗರಕ್ಕೆ ನಲ್ಲಿ ನೀರು ಇಲ್ಲಿಂದಲೇ ಹೋಗುತ್ತದೆ. ಮುಂದೆ ನದಿ ಲಾಗೋಸ್ ಹಿನ್ನೀರಿಗೆ ಸೇರುತ್ತದೆ, ಅಂದರೆ ಹೆಚ್ಚುಕಡಿಮೆ ಭಾವನ ಮನೆ ಬಾಗಿಲಿಗೆ. ಅದನ್ನು ಹೇಳಿದ್ದಕ್ಕೆ ಅವರು ಏನೂ ಅನ್ನಲಿಲ್ಲ, ಕಾರು ನಿಲ್ಲಿಸಿದರು. ರಸ್ತೆ ಬದಿಯಲ್ಲಿ ಹೆಂಗಸರು ಮೀನು ಮಾರುತ್ತಿದ್ದರು. ಹಸಿಯದು, ಹುರಿದದ್ದು, ಹೊಗೆಯಲ್ಲಿ ಒಣಗಿಸಿ ಬಾಲ ಬಾಯಿಗೆ ಸಿಕ್ಕಿಸಿದ್ದು.

"ಯಾವ ನದಿ ಮೀನು?" ಅಂತ ಭಾವ ಕೇಳಿದರು.

"ಓಶುನ್" ಅಂದಳು ಮಾರುವವಳು, ಇದೇನು ಕೇಳ್ತಾರೆ ಅನ್ನುವ ಹಾಗೆ.

ಭಾವ ನನ್ನ ಮುಖ ನೋಡಿದರು. ನಾನು ಪಾದರಸದ ಮಾತು ತೆಗೆದೆ. ಅಷ್ಟರಲ್ಲಿ ಭಾವ ಅವಳು ಹೇಳಿದ ರೇಟಿನ ಅರ್ಧಕ್ಕೆ ಚೌಕಾಸಿಗೆ ಇಳಿದಾಗಿತ್ತು.